ಓದುಗರ ಪ್ರಶ್ನೆ, ಅಕ್ಕನ ಉತ್ತರ: ದೇವರು ಹೇಳಿದ್ದು ನನಗೆ ಕೇಳಿಸುತ್ತದಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ. ದೇವರ ಮಾತನ್ನು ಗುರುತಿಸುವುದು ಹೇಗೆ? ಗುರುತಿಸಿದ ಮೇಲೆ ಮಾಡುವುದು ಹೇಗೆ? ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಪೂರ್ತಿ ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಪ್ರಿಯ ಅಕ್ಕನವರಿಗೆ ಕರ್ತನ ನಾಮದಲ್ಲಿ ವಂದನೆಗಳು. ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವವರೆಲ್ಲ "ದೇವರು ನನ್ನ ಸಂಗಡ ಮಾತಾಡಿದರು" ಅನ್ನುತ್ತಾರೆ. ನಾನು ಚಿಕ್ಕಂದಿನಿಂದ ಸಭೆಗೆ ಹೋಗುತ್ತಿದ್ದೇನೆ. ದಿನಾ ಬೈಬಲಿನ ವಾಕ್ಯ ಓದುತ್ತೇನೆ. ನನಗೆ ಒಂದು ಸಲವೂ ಏನೂ ಕೇಳಿಸಿಲ್ಲ. ನನ್ನ ನಂಬಿಕೆಯಲ್ಲೇ ಕೊರತೆ ಇದೆಯಾ?

ಉತ್ತರ: ಪ್ರಿಯ ಸಹೋದರಿ, ಸಮುವೇಲನ ಕಥೆ ನಿಮಗೆ ಗೊತ್ತೇ ಇದೆ. ಆದರೂ ಮೊದಲನೆಯ ಸಮುವೇಲ 3ನೇ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಆ ಹುಡುಗ ದೇವರ ಮಂದಿರದಲ್ಲೇ ಬೆಳೆದವನು. ದೇವರ ಒಡಂಬಡಿಕೆಯ ಪೆಟ್ಟಿಗೆ, ಅಂದರೆ ಮಂಜೂಷ, ಇದ್ದ ಜಾಗದಲ್ಲೇ ಮಲಗುತ್ತಿದ್ದವನು. ದೇವರು ಹೆಸರು ಹಿಡಿದು ಕರೆದರೂ ಅವನಿಗೆ ತಿಳಿಯಲಿಲ್ಲ. ಮೂರು ಸಲ ಎದ್ದು ಯಾಜಕ ಏಲಿಯ ಹತ್ತಿರ ಓಡಿದ. ಇದಕ್ಕಾಗಿ ವಾಕ್ಯ ಅವನನ್ನು ಬೈಯುವುದಿಲ್ಲ. ಅವನಿಗೆ ಇನ್ನೂ ಕರ್ತನ ಪರಿಚಯ ಆಗಿರಲಿಲ್ಲ ಎಂದಷ್ಟೇ ಹೇಳುತ್ತದೆ. ಕರೆಯುತ್ತಿರುವುದು ಯಾರೆಂದು ಅವನಿಗೆ ಹೇಳಿಕೊಟ್ಟದ್ದು ಕಣ್ಣು ಮಂಜಾಗಿದ್ದ ಮುದುಕ ಏಲಿ.

ದೇವರ ಮಾತು ಕೇಳುವುದು ಕಲಿಯಬೇಕಾದ ವಿಷಯ. ಸಮುವೇಲನೂ ಕಲಿತೇ ಕೇಳಿಸಿಕೊಂಡ, ಅದೂ ಇನ್ನೊಬ್ಬರಿಂದ ಕಲಿತು. ಆದ್ದರಿಂದ ನಿಮಗೊಂದು ಕೆಲಸ ಹೇಳುತ್ತೇನೆ. ಸಾಕ್ಷಿ ಹೇಳಿದವರಲ್ಲಿ ನೀವು ನಂಬುವ ಒಬ್ಬರನ್ನು ಪಕ್ಕಕ್ಕೆ ಕರೆದು ಕೇಳಿ: "ದೇವರು ಮಾತಾಡಿದರು ಅಂದಿರಲ್ಲ, ಅದು ಹೇಗಿತ್ತು?" ನಾನು ಹೀಗೆ ತುಂಬ ಜನರನ್ನು ಕೇಳಿದ್ದೇನೆ. ಕಿವಿಗೆ ಶಬ್ದ ಬಿತ್ತು ಅಂದವರು ಬಹಳ ಕಡಿಮೆ. ಒಬ್ಬರು ಹೇಳುತ್ತಾರೆ, ಓದುತ್ತಿದ್ದ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು ಎಂದು. ಇನ್ನೊಬ್ಬರು, ಪ್ರಸಂಗದ ಒಂದು ಮಾತು ವಾರವಿಡೀ ಬಿಡಲಿಲ್ಲ ಎಂದು. ಮತ್ತೊಬ್ಬರು, ಪ್ರಾರ್ಥನೆ ಮಾಡುವಾಗ ಒಬ್ಬ ವ್ಯಕ್ತಿಯ ನೆನಪು ಮತ್ತೆ ಮತ್ತೆ ಬಂತು ಎಂದು. ನಿಮಗೂ ಇಂಥದ್ದು ಆಗಿರಬೇಕು, ಅಲ್ವಾ? ಅದು ದೇವರ ಮಾತು ಇರಬಹುದು ಎಂದು ನಿಮಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ನಾನು ನರ್ಸ್ ಆಗಿ ಕೆಲಸ ಮಾಡಿದವಳು. ಕೆಲವು ಕಾಲ ಹೆರಿಗೆ ವಾರ್ಡಿನಲ್ಲಿದ್ದೆ. ಹೊಸ ತಾಯಂದಿರು ಮೊದಲ ದಿನ ಯಾವ ಮಗು ಅತ್ತರೂ ಬೆಚ್ಚಿ ಏಳುತ್ತಿದ್ದರು. ಮನೆಗೆ ಹೋಗುವ ಹೊತ್ತಿಗೆ ಪಕ್ಕದ ಮಗು ಅತ್ತರೂ ಮಲಗಿಯೇ ಇರುತ್ತಿದ್ದರು, ತಮ್ಮ ಮಗು ಸ್ವಲ್ಪ ಸದ್ದು ಮಾಡಿದರೆ ಸಾಕು, ಎಚ್ಚರ. ಅದನ್ನು ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ಹಗಲು ರಾತ್ರಿ ಜೊತೆಗಿದ್ದು ಬಂದ ಗುರುತು ಅದು. ನನ್ನ ಕುರಿಗಳು ನನ್ನ ಸ್ವರಕ್ಕೆ ಕಿವಿಗೊಡುತ್ತವೆ ಎಂದು ಯೇಸು ಹೇಳಿದ್ದನ್ನು (ಯೋಹಾನ 10:27) ನಾನು ಆ ವಾರ್ಡನ್ನು ನೆನೆಯದೆ ಓದಲಾರೆ.

ಇನ್ನು, ದಿನಾ ಓದುತ್ತೇನೆ ಎಂದಿದ್ದೀರಿ. ಎಷ್ಟು ಓದುತ್ತೀರಿ? ಅಧ್ಯಾಯಗಳನ್ನು ಮುಗಿಸುವ ಆತುರ ಇದ್ದರೆ ಸ್ವಲ್ಪ ಬದಲಾಯಿಸಿ ನೋಡಿ. ಮಾರ್ಕನ ಸುವಾರ್ತೆ ತೆಗೆದುಕೊಳ್ಳಿ. ಒಂದೇ ಒಂದು ಘಟನೆ ಓದಿ. ಇನ್ನೊಮ್ಮೆ ಓದಿ. ಆಮೇಲೆ ಏನೂ ಬೇಡದೆ ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ. "ಕರ್ತನೇ, ಇದರಲ್ಲಿ ಇವತ್ತು ನಾನು ಮಾಡಬೇಕಾದದ್ದು ಏನು?" ಎಂದು ಕೇಳಿ. ಮನಸ್ಸಿಗೆ ಬಂದದ್ದನ್ನು ಒಂದು ಸಾಲಲ್ಲಿ ಬರೆದಿಡಿ. ನನ್ನ ನೋಟ್‌ಬುಕ್‌ನಲ್ಲಿ ದೊಡ್ಡ ದರ್ಶನಗಳೇನೂ ಇಲ್ಲ. "ಅವಳಿಗೆ ಫೋನ್ ಮಾಡು." "ಈ ವಿಷಯದಲ್ಲಿ ಬಾಯಿ ತೆರೆಯಬೇಡ." "ಹಣ ಕೇಳಿದವರ ಹತ್ತಿರ ಮೊದಲು ಕೂತು ಮಾತಾಡು." ಇಂಥವೇ. ರಾತ್ರಿ ಮಲಗುವ ಮುಂಚೆ ಆ ಸಾಲನ್ನು ಮತ್ತೆ ನೋಡುತ್ತೇನೆ. ಮಾಡಿದ್ದರೆ ಪಕ್ಕದಲ್ಲಿ ಒಂದು ಗೆರೆ ಎಳೆಯುತ್ತೇನೆ. ಬೆಳಗಿನ ಓದಿಗಿಂತ ಈ ಗೆರೆಯೇ ನನಗೆ ಜಾಸ್ತಿ ಕಲಿಸಿದೆ.

ಪ್ರಶ್ನೆ: ಅಕ್ಕಾ, ನನ್ನ ತೊಂದರೆ ಬೇರೆ. ನನಗೆ ಪ್ರೇರಣೆಗಳು ಬರುತ್ತಲೇ ಇರುತ್ತವೆ. ಯಾವುದು ದೇವರದ್ದು, ಯಾವುದು ನನ್ನ ಮನಸ್ಸಿನದ್ದು ಎಂದು ಗೊತ್ತಾಗುವುದಿಲ್ಲ. ಈಗ ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಬರಬೇಕೆಂಬ ಯೋಚನೆ ಬಲವಾಗಿದೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳಿದ್ದಾರೆ.

ಉತ್ತರ: ಸಹೋದರರೇ, ಪ್ರೇರಣೆಗಳೆಲ್ಲ ಒಂದೇ ತೂಕದವಲ್ಲ. ಮೊದಲು ಸಣ್ಣವುಗಳ ವಿಷಯ ಹೇಳುತ್ತೇನೆ.

ಒಂದು ರಾತ್ರಿ ಪಾಳಿಯಲ್ಲಿ ಔಷಧಿ ಕೊಡುವ ಸುತ್ತು ಮುಗಿಸಿ ಬರೆಯಲು ಕುಳಿತಿದ್ದೆ. ಮೂಲೆಯ ಹಾಸಿಗೆಯ ಅಜ್ಜಿಯ ಹತ್ತಿರ ಹೋಗು ಎಂಬ ಯೋಚನೆ ಬಂತು. ನಾಡಿ, ಉಸಿರು, ಜ್ವರ ಎಲ್ಲ ಆಗಷ್ಟೇ ನೋಡಿ ಬಂದಿದ್ದೆ, ಎಲ್ಲವೂ ಸರಿಯಾಗಿತ್ತು. ಆದರೂ ಆ ಯೋಚನೆ ಬಿಡಲಿಲ್ಲ. ಎದ್ದು ಹೋಗಿ ಪಕ್ಕದಲ್ಲಿ ಕೂತೆ. ಅವರು ಎಚ್ಚರವಾಗಿಯೇ ಇದ್ದರು. "ಮಗಳಿಗೆ ಒಂದು ಕಾಗದ ಬರೆದುಕೊಡ್ತೀಯಾ?" ಎಂದು ಕೇಳಿದರು. ಅವರು ಹೇಳಿದ ಹಾಗೇ ಬರೆದುಕೊಟ್ಟೆ. ಅದು ದೇವರ ಪ್ರೇರಣೆಯೇ ಎಂದು ನನ್ನ ಹತ್ತಿರ ಸಾಕ್ಷ್ಯ ಇಲ್ಲ. ಬೇಕಾಗಿಯೂ ಇರಲಿಲ್ಲ. ರೋಗಿಯ ಪಕ್ಕ ಕೂರುವುದು ಮತ್ತಾಯ 25ರಲ್ಲಿ ಮೊದಲೇ ಹೇಳಿರುವ ವಿಷಯ. ಅದು ನನ್ನದೇ ಯೋಚನೆ ಆಗಿದ್ದರೂ ಯಾರಿಗೂ ನಷ್ಟವಿರಲಿಲ್ಲ. ಇಂಥ ಪ್ರೇರಣೆ ಬಂದಾಗ ತೂಕ ಹಾಕುತ್ತ ಕೂರಬೇಡಿ. ಎದ್ದು ಮಾಡಿ. ಕಿವಿ ಪಳಗುವುದು ಇಲ್ಲೇ.

ಕೆಲಸ ಬಿಡುವುದು ಹಾಗಲ್ಲ. ಅದರ ಭಾರ ನಾಲ್ಕು ಜನರ ಮೇಲೆ ಬೀಳುತ್ತದೆ. ಭಾರ ಎಷ್ಟು ದೊಡ್ಡದೋ ಪರೀಕ್ಷೆಯೂ ಅಷ್ಟು ದೊಡ್ಡದಾಗಬೇಕು. ಇದನ್ನು ಅಪನಂಬಿಕೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆತ್ಮವನ್ನು ನಂದಿಸಬೇಡಿರಿ ಎಂದು ಥೆಸಲೋನಿಕದವರಿಗೆ ಬರೆದ ಪೌಲನೇ, ಅದೇ ಉಸಿರಿನಲ್ಲಿ, ಎಲ್ಲವನ್ನೂ ಪರಿಶೋಧಿಸಿ ಒಳ್ಳೇದನ್ನು ಹಿಡಿದುಕೊಳ್ಳಿ ಎಂದೂ ಬರೆದಿದ್ದಾನೆ.

ವಾಕ್ಯಕ್ಕೆ ಒಪ್ಪುತ್ತದಾ ಎಂದು ನೋಡುವುದು ಎಲ್ಲರಿಗೂ ಗೊತ್ತು. ಆದರೆ ಒಂದು ವಚನ ಸಿಕ್ಕಿತು ಎಂದರೆ ಸಾಲದು. ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಶೋಧಿಸಿದಾಗ ಸೈತಾನನೂ 91ನೇ ಕೀರ್ತನೆಯ ವಚನವನ್ನೇ ಹಿಡಿದುಕೊಂಡು ಬಂದ. ಯೇಸು ಇನ್ನೊಂದು ವಚನದಿಂದ ಅವನಿಗೆ ಉತ್ತರ ಕೊಟ್ಟರು. ಯೇಸುವಿನ ಗುಣಕ್ಕೆ, ನಡತೆಗೆ ಈ ಪ್ರೇರಣೆ ಹೊಂದುತ್ತದಾ ಎಂದು ಕೇಳಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಒಂದು ವಿಷಯ. ಹೆಂಡತಿ ಇದ್ದಾರೆ ಎಂದು ಬರೆದಿದ್ದೀರಿ, ಅವರು ಏನು ಹೇಳುತ್ತಾರೆ ಎಂದು ಬರೆದಿಲ್ಲ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ನೋಡಿ. ಪೌಲನ ಗುಂಪು ಆಸ್ಯ ಸೀಮೆಯಲ್ಲಿ ಸಾರಬೇಕೆಂದುಕೊಂಡರೆ ಪವಿತ್ರಾತ್ಮ ತಡೆದ. ಬಿಥೂನ್ಯಕ್ಕೆ ಹೊರಟರೆ ಅಲ್ಲಿಗೂ ಬಿಡಲಿಲ್ಲ. ತ್ರೋವದಲ್ಲಿ ರಾತ್ರಿ ದರ್ಶನ ಬಂತು, ಮಕೆದೋನ್ಯದವನೊಬ್ಬ ನಿಂತು ಕರೆಯುತ್ತಿದ್ದ. ದರ್ಶನ ಕಂಡವನು ಪೌಲ ಒಬ್ಬನೇ. ಆದರೆ ದೇವರು ನಮ್ಮನ್ನು ಕರೆದಿದ್ದಾರೆ ಎಂದು ನಿಶ್ಚಯಿಸಿಕೊಂಡದ್ದು "ನಾವು" ಎಂದು ಬರೆದಿದೆ. ಪೌಲನಂಥ ಪೌಲನೂ ತನ್ನ ದರ್ಶನವನ್ನು ಜೊತೆಯವರ ಮುಂದೆ ಇಟ್ಟ. ಅಲ್ಲಿಗೆ ಹೋದ ಮೇಲೂ ಕಂಡ ಹಾಗೇ ಎಲ್ಲ ನಡೆಯಲಿಲ್ಲ. ದರ್ಶನದಲ್ಲಿ ಇದ್ದವನು ಗಂಡಸು. ಫಿಲಿಪ್ಪಿಯ ನದೀ ತೀರದಲ್ಲಿ ಮೊದಲು ಕಿವಿಗೊಟ್ಟವರು ಹೆಂಗಸರು, ಅವರಲ್ಲಿ ಲುದ್ಯ. ಆಮೇಲೆ ಏಟು, ಸೆರೆಮನೆ. ಸರಿಯಾಗಿ ಕೇಳಿಸಿಕೊಂಡವರಿಗೂ ದಾರಿ ಸಲೀಸಾಗಿರುತ್ತದೆ ಎಂದು ಎಲ್ಲೂ ಬರೆದಿಲ್ಲ.

ಇನ್ನೊಂದು, ಕಾಲ. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಇಗ್ನೇಷಿಯಸ್ ಎಂಬ ಸೈನಿಕನ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ಮುಂದೆ ಯೇಸು ಸಭೆ (ಜೆಸ್ವಿಟ್ ಸಂಘ) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಇವರೇ. ಹಾಸಿಗೆ ಹಿಡಿದಿದ್ದಾಗ ಓದಲು ಸಿಕ್ಕಿದ್ದು ಕ್ರಿಸ್ತನ ಮತ್ತು ಸಂತರ ಜೀವನಕಥೆಗಳು ಮಾತ್ರ. ಆಗ ಅವರು ಒಂದನ್ನು ಗಮನಿಸಿದರು. ಯುದ್ಧ, ಕೀರ್ತಿಯ ಕನಸು ಕಾಣುವಾಗ ಖುಷಿಯಾಗುತ್ತದೆ, ಮುಗಿದ ಮೇಲೆ ಮನಸ್ಸು ಒಣಗುತ್ತದೆ. ಕ್ರಿಸ್ತನ ಹಿಂದೆ ಹೋಗುವ ಯೋಚನೆ ಮುಗಿದ ಮೇಲೂ ಸಂತೋಷ ಉಳಿಯುತ್ತದೆ. ನಿಮ್ಮ ಯೋಚನೆಯನ್ನೂ ಹೀಗೆ ಕೆಲವು ತಿಂಗಳು ನೋಡಿ. ಮೇಲಧಿಕಾರಿಯ ಹತ್ತಿರ ಬೈಸಿಕೊಂಡ ದಿನ ಮಾತ್ರ ಸೇವೆಯ ಕರೆ ಜೋರಾಗುತ್ತದಾ? ಕೆಲಸ ಚೆನ್ನಾಗಿ ನಡೆದ ದಿನವೂ ಇರುತ್ತದಾ? ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಮೊದಲಿನ ತೀರ್ಮಾನ ಬದಲಿಸಬೇಡಿ ಎನ್ನುವುದೂ ಇಗ್ನೇಷಿಯಸ್ ಅವರೇ ಕೊಟ್ಟ ಬುದ್ಧಿಮಾತು.

"ಈಗಲೇ ಮಾಡು, ಯಾರಿಗೂ ಹೇಳಬೇಡ" ಎಂದು ದೂಡುವ ಯೋಚನೆಯನ್ನು ನಾನು ಬೇಗ ನಂಬುವುದಿಲ್ಲ. ಬ್ರಿಸ್ಟಲ್‌ನಲ್ಲಿ ಅನಾಥಾಶ್ರಮಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಇಂಥ ಸಮಯದಲ್ಲಿ ಮೊದಲು ಒಂದೇ ವಿಷಯಕ್ಕೆ ಪ್ರಾರ್ಥಿಸುತ್ತಿದ್ದರು. ಈ ವಿಷಯದಲ್ಲಿ ನನ್ನ ಸ್ವಂತ ಹಟ ಇಲ್ಲದ ಹಾಗಾಗಲಿ ಎಂದು. ನೀವೂ ಹಾಗೇ ಪ್ರಾರ್ಥಿಸಿ. "ಕರ್ತನೇ, ಇದೇ ಕೆಲಸದಲ್ಲಿ ಇರು ಎಂದರೂ ಸಂತೋಷದಿಂದ ಇರುತ್ತೇನೆ" ಎಂದು ಮನಸಾರೆ ಹೇಳುವಷ್ಟು ಆದಾಗ ಹೆಂಡತಿಯ ಜೊತೆ, ಸಭಾಪಾಲಕರ ಜೊತೆ ಕೂತು ಮಾತಾಡಿ.

ಪ್ರಶ್ನೆ: ಅಕ್ಕಾ, ನನಗೆ 23 ವರ್ಷ. ನಮ್ಮ ಪ್ರಾರ್ಥನಾ ಗುಂಪಿನ ಒಬ್ಬ ಅಣ್ಣ, "ನೀನು ನನ್ನನ್ನು ಮದುವೆಯಾಗಬೇಕು ಅಂತ ದೇವರು ತೋರಿಸಿದ್ದಾರೆ" ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ಬೇಡ ಎಂದರೆ ದೇವರಿಗೆ ಅವಿಧೇಯಳಾಗುತ್ತೇನಾ?

ಉತ್ತರ: ಇಲ್ಲ, ತಂಗಿ. ಖಂಡಿತ ಇಲ್ಲ.

ಒಂದನೆಯ ಅರಸುಗಳು 13ನೇ ಅಧ್ಯಾಯದಲ್ಲಿ ಒಬ್ಬ ದೇವರ ಮನುಷ್ಯನಿದ್ದಾನೆ. ಬೇತೇಲಿಗೆ ಹೋಗು, ಆದರೆ ಅಲ್ಲಿ ಏನೂ ತಿನ್ನಬೇಡ, ಕುಡಿಯಬೇಡ ಎಂದು ದೇವರು ಅವನಿಗೆ ಹೇಳಿದ್ದರು. ಅರಸ ಕರೆದರೂ ಅವನು ಒಪ್ಪಲಿಲ್ಲ. ಆಮೇಲೆ ಒಬ್ಬ ಮುದಿ ಪ್ರವಾದಿ ಬಂದು, "ನಾನೂ ನಿನ್ನಂತೆ ಪ್ರವಾದಿ, ನಿನ್ನನ್ನು ಮನೆಗೆ ಕರೆತರಲು ದೇವದೂತ ನನಗೆ ಹೇಳಿದ" ಅಂದ. ಅದು ಸುಳ್ಳು. ಇವನು ನಂಬಿ ಹೋಗಿ ಊಟ ಮಾಡಿದ, ಹಿಂದಿರುಗುವ ದಾರಿಯಲ್ಲಿ ಸಿಂಹಕ್ಕೆ ಬಲಿಯಾದ. "ದೇವರು ಹೇಳಿದರು" ಎಂಬ ಮುದ್ರೆ ಒತ್ತಿ ಬಂದ ಮಾತೆಲ್ಲ ದೇವರದ್ದಲ್ಲ.

ಆ ಹುಡುಗ ಬೇಕೆಂದೇ ಸುಳ್ಳು ಹೇಳುತ್ತಿದ್ದಾನೆ ಎಂದು ನಾನು ಹೇಳುತ್ತಿಲ್ಲ. ತನ್ನ ಆಸೆಯನ್ನೇ ದೇವರ ಮಾತು ಎಂದುಕೊಂಡಿರಬಹುದು. ಪ್ರವಾದಿ ನಾತಾನ ಕೂಡ, ದಾವೀದ ಆಲಯ ಕಟ್ಟುತ್ತೇನೆ ಎಂದಾಗ, "ಮನಸ್ಸಿಗೆ ಬಂದದ್ದನ್ನು ಮಾಡು, ದೇವರು ನಿನ್ನ ಸಂಗಡ ಇದ್ದಾರೆ" ಅಂದುಬಿಟ್ಟಿದ್ದ. ಅದೇ ರಾತ್ರಿ ದೇವರು ಬೇಡ ಅಂದರು. ನಾತಾನ ಮತ್ತೆ ಹೋಗಿ ಅರಸನಿಗೆ ನೇರವಾಗಿ ಹೇಳಿದ. ಒಳ್ಳೆಯ ಪ್ರವಾದಿಯೂ ಹೀಗೆ ತಿದ್ದಿಕೊಳ್ಳಬೇಕಾಯಿತು.

ದೇವರು ಒಬ್ಬಳ ಜೀವನದ ಇಷ್ಟು ದೊಡ್ಡ ವಿಷಯವನ್ನು ಅವಳನ್ನು ಬಿಟ್ಟು ಇನ್ನೊಬ್ಬನಿಗೆ ಮಾತ್ರ ಹೇಳಿ, ಅವನ ಬಾಯಿಂದ ಹೆದರಿಸುವವರಲ್ಲ. ಮರಿಯಳ ಹತ್ತಿರ ದೇವದೂತ ನೇರವಾಗಿ ಬಂದ. ಅವಳು ಪ್ರಶ್ನೆ ಕೇಳಿದಳು, ಉತ್ತರ ಪಡೆದಳು, ಆಮೇಲೆ ತಾನೇ ಒಪ್ಪಿದಳು.

"ನನಗೆ ಮನಸ್ಸಿಲ್ಲ" ಎಂದು ಒಂದೇ ಸಲ ಸ್ಪಷ್ಟವಾಗಿ ಹೇಳು. ಕಾರಣ ವಿವರಿಸಬೇಕಾಗಿಲ್ಲ. ನೀನು ನಂಬುವ ಒಬ್ಬ ಹಿರಿಯ ಸಹೋದರಿಗೆ ಮತ್ತು ಮನೆಯವರಿಗೆ ವಿಷಯ ತಿಳಿಸು. ಅವನು ಮತ್ತೆ ಒತ್ತಾಯ ಮಾಡಿದರೆ ಅದು ಪ್ರಾರ್ಥನೆಯ ವಿಷಯವಾಗಿ ಉಳಿಯುವುದಿಲ್ಲ, ಹಿರಿಯರು ಅವನನ್ನು ಕರೆದು ನಿಲ್ಲಿಸಬೇಕಾದ ವಿಷಯ.

ಪ್ರಶ್ನೆ: ನನ್ನ ತಮ್ಮ ದೇವರ ಧ್ವನಿ ಕೇಳಿಸುತ್ತದೆ ಎನ್ನುತ್ತಾನೆ. ರಾತ್ರಿಯೆಲ್ಲ ನಿದ್ದೆ ಇಲ್ಲ, ಉಪವಾಸ ಬಿಡುವುದಿಲ್ಲ. ಹಾಕಿಕೊಳ್ಳುತ್ತಿದ್ದ ಮಾತ್ರೆಗಳನ್ನು ಬಿಡು ಎಂದು ದೇವರು ಹೇಳಿದರಂತೆ. ಕೆಲವರು ಇದು ಪವಿತ್ರಾತ್ಮನ ಅಭಿಷೇಕ ಎನ್ನುತ್ತಾರೆ. ನಾವೇನು ಮಾಡಬೇಕು?

ಉತ್ತರ: ಇದಕ್ಕೆ ನರ್ಸ್ ಆಗಿಯೂ ಉತ್ತರ ಕೊಡುತ್ತೇನೆ. ಈ ಪತ್ರಿಕೆ ನಿಮ್ಮ ಕೈ ಸೇರುವವರೆಗೆ ಕಾಯಬಾರದು ಎಂದು ನಿಮಗೆ ಮೊದಲೇ ಬೇರೆಯಾಗಿ ಬರೆದಿದ್ದೇನೆ. ಇದೇ ಪರಿಸ್ಥಿತಿಯಲ್ಲಿರುವ ಬೇರೆ ಮನೆಯವರಿಗಾಗಿ ಇಲ್ಲಿಯೂ ಹೇಳುತ್ತೇನೆ. ನಿದ್ದೆ ಇಲ್ಲದಿರುವುದು, ಊಟ ಬಿಡುವುದು, ಔಷಧಿ ನಿಲ್ಲಿಸುವುದು, ಅಪ್ಪಣೆ ಕೊಡುವ ಧ್ವನಿಗಳು, ಇವೆಲ್ಲ ಒಟ್ಟಿಗೆ ಬಂದರೆ ತಡಮಾಡದೆ ಮಾನಸಿಕ ತಜ್ಞ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ತನಗೋ ಬೇರೆಯವರಿಗೋ ಹಾನಿ ಮಾಡಿಕೊಳ್ಳುವ ಮಾತು ಬಂದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ. ಒಬ್ಬರನ್ನೇ ಬಿಡಬೇಡಿ. ವಾದ ಮಾಡಬೇಡಿ, ಗೇಲಿಯಂತೂ ಬೇಡವೇ ಬೇಡ.

ವೈದ್ಯರ ಹತ್ತಿರ ಹೋದರೆ ನಂಬಿಕೆ ಕಡಿಮೆ ಎಂದು ಹೇಳುವವರಿಗೆ ಎಲೀಯನ ಕಥೆ ತೋರಿಸಿ. ಸತ್ತರೆ ಸಾಕು ಎಂದು ಮರದ ಕೆಳಗೆ ಬಿದ್ದಿದ್ದ ಆ ಪ್ರವಾದಿಗೆ ದೇವರು ಮೊದಲು ಕಳಿಸಿದ್ದು ರೊಟ್ಟಿ, ನೀರು. ಅವನು ತಿಂದು ಮಲಗಿದ. ದೇವದೂತ ಮತ್ತೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಬಂದದ್ದು ಅದಾದ ಮೇಲೆ. ನಿಮ್ಮ ತಮ್ಮನಿಗೂ ಈಗ ಬೇಕಾದದ್ದು ಊಟ, ನಿದ್ದೆ, ಔಷಧಿ ಮತ್ತು ಪಕ್ಕದಲ್ಲಿ ಕೂರುವ ಅಕ್ಕ. ಅವನಿಗಾಗಿ ನಾನು ಪ್ರಾರ್ಥಿಸುತ್ತಿದ್ದೇನೆ.

ಪ್ರಶ್ನೆ: ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನು ದೇವರ ಉತ್ತರ ಎಂದು ತೆಗೆದುಕೊಳ್ಳಬಹುದಾ?

ಉತ್ತರ: ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಕ್ರಿ.ಶ. 386ರಲ್ಲಿ ಮಿಲಾನಿನ ತೋಟದಲ್ಲಿ ಅಗಸ್ಟೀನ್ ಹಾಗೇ ತೆರೆದು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಓದಿದರು, ಜೀವನ ಬದಲಾಯಿತು, ನಿಜ. ಆದರೆ ಅದಕ್ಕೆ ಮೊದಲೇ ಅವರು ಪೌಲನ ಪತ್ರಗಳನ್ನು ಓದುತ್ತಿದ್ದರು, ಬಿಷಪ್ ಆಂಬ್ರೋಸರ ಪ್ರಸಂಗಗಳನ್ನು ಕೇಳುತ್ತಿದ್ದರು, ಏನು ಬಿಡಬೇಕು ಎಂಬುದೂ ಅವರಿಗೆ ಗೊತ್ತಿತ್ತು. ಪುಸ್ತಕವನ್ನು ಸಾಲಾಗಿ ಓದಿ. ಬೇಕಾದ ವಚನ ಬೇಕಾದ ದಿನ ತಾನೇ ನೆನಪಿಗೆ ಬರುತ್ತದೆ.

ಪ್ರಶ್ನೆ: ಆಸ್ತಿ ವಿಷಯದಲ್ಲಿ ಅಣ್ಣನ ಜೊತೆ ಮಾತು ಬಿಟ್ಟು ವರ್ಷಗಳಾದವು. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂಬ ವಾಕ್ಯ ಓದಿದಾಗೆಲ್ಲ ಎದೆ ಭಾರವಾಗುತ್ತದೆ. ಫೋನ್ ಎತ್ತಿಕೊಳ್ಳುತ್ತೇನೆ, ಇಟ್ಟುಬಿಡುತ್ತೇನೆ. ದೇವರು ಇನ್ನೊಂದು ಸೂಚನೆ ಕೊಡಲಿ ಎಂದು ಪ್ರಾರ್ಥಿಸುತ್ತಿದ್ದೇನೆ.

ಉತ್ತರ: ಸಹೋದರರೇ, ನಿಮಗೆ ಕೇಳಿಸಿದೆ. ಈ ಸಲ ಬರೆದ ಎಲ್ಲರಿಗಿಂತ ಸ್ಪಷ್ಟವಾಗಿ ಕೇಳಿಸಿರುವುದು ನಿಮಗೇ. ಗಿದ್ಯೋನ ತುಪ್ಪಟ ಹಾಸಿ ಸೂಚನೆ ಕೇಳಿದ್ದು ದೇವರು ಹೇಳಿ ಮುಗಿಸಿದ ಮೇಲೆ. "ನೀನು ಹೇಳಿದ ಪ್ರಕಾರ" ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ದೇವರು ಅವನನ್ನು ಸಹಿಸಿಕೊಂಡರು, ನಿಮ್ಮನ್ನೂ ಸಹಿಸಿಕೊಳ್ಳುತ್ತಾರೆ. ಆದರೆ ಹೊಸ ಸೂಚನೆ ಬಂದರೂ ಅದು ಇದೇ ಮಾತನ್ನು ಹೇಳುತ್ತದೆ.

ನಿಮ್ಮನ್ನು ತಡೆಯುತ್ತಿರುವುದು ಭಯ ಎಂದು ನನಗನ್ನಿಸುತ್ತದೆ. ಅದನ್ನು ಮುಚ್ಚಿಡಬೇಡಿ. ದಮಸ್ಕದ ಶಿಷ್ಯ ಅನನೀಯನಿಗೆ ಕರ್ತನು ಸೌಲನ (ಮುಂದೆ ಪೌಲನಾದವನ) ಹತ್ತಿರ ಹೋಗು ಎಂದಾಗ ಅವನು ಎದುರು ಮಾತಾಡಿದ. ಈ ಮನುಷ್ಯ ಜನರನ್ನು ಹಿಡಿದು ಕಟ್ಟಲು ಬಂದವನು ಎಂದ. ಕರ್ತನು ಸಿಟ್ಟಾಗಲಿಲ್ಲ, "ಹೋಗು" ಎಂದು ಮತ್ತೊಮ್ಮೆ ಹೇಳಿದರು. ಅನನೀಯ ಹೋದ. ಭಯ ಪೂರ್ತಿ ಹೋಗಿತ್ತು ಎಂದು ಎಲ್ಲೂ ಬರೆದಿಲ್ಲ. ಆ ಮನೆ ಹೊಕ್ಕು, ತಲೆಯ ಮೇಲೆ ಕೈಯಿಟ್ಟು, "ಸಹೋದರನಾದ ಸೌಲನೇ" ಎಂದು ಕರೆದ.

ನಿಮ್ಮ ಮೊದಲ ಮಾತೂ "ಅಣ್ಣಾ" ಎಂದೇ ಇರಲಿ. "ಹೇಗಿದ್ದೀಯಾ? ಮಾತು ಬಿಟ್ಟದ್ದು ನನಗೆ ಬೇಸರ ತಂದಿದೆ, ಒಮ್ಮೆ ಭೇಟಿಯಾಗೋಣ." ಇಷ್ಟು ಸಾಕು. ಬೇಕಾದರೆ ಬರೆದಿಟ್ಟುಕೊಂಡು ಓದಿ. ಯಾರದು ತಪ್ಪು ಎಂಬ ಮಾತು ಆ ದಿನ ಬೇಡ. ಆಸ್ತಿಯ ಮಾತಂತೂ ಬೇಡವೇ ಬೇಡ. ಒಂದಾಗುವುದು ಎಂದರೆ ಕಾಗದಗಳಿಗೆ ಸಹಿ ಹಾಕಿಕೊಡುವುದು ಅಂತ ಅಲ್ಲ. ಅದನ್ನು ಆಮೇಲೆ ಹಿರಿಯರ ಮುಂದೆ, ವಕೀಲರ ಮುಂದೆ ನ್ಯಾಯವಾಗಿ ಬಗೆಹರಿಸಿಕೊಳ್ಳಬಹುದು.

ಅವರು ಫೋನ್ ಕಟ್ ಮಾಡಬಹುದು. ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದು ಪೌಲ ಬರೆದಿದ್ದಾನೆ. ನಿಮ್ಮಿಂದಾಗುವ ಮಟ್ಟಿಗೆ. ಅಣ್ಣನ ಪಾಲು ನಿಮ್ಮ ಕೈಯಲ್ಲಿಲ್ಲ, ಅದಕ್ಕೆ ನೀವು ಉತ್ತರ ಕೊಡಬೇಕಾಗಿಯೂ ಇಲ್ಲ.

ಇದನ್ನು ಓದಿದ ದಿನವೇ ಮಾಡಿ. ಆಮೇಲೆ ನನಗೆ ಬರೆಯಿರಿ. ಅವರು ಎತ್ತದಿದ್ದರೂ ಬರೆಯಿರಿ.